ಕತ್ತರಿ ಹರಿತ ಇದ್ರೆ ಸಾಲದು, ಕೈಗೂ ಒಗ್ಗಬೇಕು

ಸಂಪಾದಕರಿಗೆ ನಮಸ್ಕಾರ,

ಮನೆಯಲ್ಲೇ ಗಾಂಜಾ ಗಿಡ ಬೆಳೆಸೋಕೆ ಯಾವ ದೇಶ ಬಿಡುತ್ತೆ ಯಾವ ದೇಶ ಬಿಡಲ್ಲ ಅನ್ನೋ ಸುದ್ದಿ ಪೇಪರಲ್ಲಿ ಆಗಾಗ ಬರ್ತಾನೇ ಇರುತ್ತೆ. ಕೆನಡಾದಲ್ಲಿ 2018ರಲ್ಲಿ ಮನೆಗೆ 4 ಗಿಡ ಅಂತ ಕಾನೂನು ಬಂತು, ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರು ತಲೆಗೆ 3 ಗಿಡ ಇಟ್ಕೋಬಹುದು, ಇದೆಲ್ಲಾ ಓದಿದ್ದೀವಿ. ಗಿಡ ಬೆಳೆದ ಮೇಲೆ ಕೊಯ್ಲಿಗೆ ಕೂತವರ ಕೈ ಏನಾಗುತ್ತೆ ಅನ್ನೋದನ್ನ ಮಾತ್ರ ಯಾರೂ ಬರೆಯಲ್ಲ. (ನಮ್ಮಲ್ಲಿ ಮಾದಕ ವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬೆಳೆಸಿದ್ರೆ 10 ವರ್ಷದ ತನಕ ಜೈಲು, ಹಾಗಾಗಿ ಈ ಪತ್ರ ಕಾನೂನು ಒಪ್ಪೋ ಜಾಗದಲ್ಲಿರೋ ಓದುಗರಿಗೆ.)

ಟ್ರಿಮ್ಮಿಂಗ್ ಅಂದ್ರೆ ಹೂವಿನ ಗೊಂಚಲ ಸುತ್ತ ಇರೋ ಸಣ್ಣ ಸಣ್ಣ ಎಲೆಗಳನ್ನ ಕತ್ತರಿಸಿ ತೆಗೆಯೋದು, ನೋಡೋಕೆ ಸುಲಭ, ಆದ್ರೆ ಒಂದೆರಡು ಗಿಡಕ್ಕೇ ಗಂಟೆಗಟ್ಟಲೆ ಕೂರಬೇಕು, ಅಷ್ಟು ಹೊತ್ತೂ ಒಂದೇ ಕೈ ಒಂದೇ ಥರ ಅಮುಕ್ತಾ ಬಿಡ್ತಾ ಇರುತ್ತೆ. ಕತ್ತರಿ ತಗೊಳ್ಳೋವಾಗ ಎಲ್ರೂ ಕೇಳೋದು ಹರಿತ ಇದ್ಯಾ ಅಂತ. ಹೊಸ ಕತ್ತರಿ ಯಾವುದಾದ್ರೂ ಹರಿತಾನೇ ಇರುತ್ತೆ ಸ್ವಾಮಿ, ಕೇಳಬೇಕಾದ್ದು ಅದನ್ನ ತೆರೆಯೋರು ಯಾರು ಅಂತ. ಮಾಮೂಲಿ ಕತ್ತರೀಲಿ ಪ್ರತಿ ಸಲ ಕತ್ತರಿಸಿದ ಮೇಲೆ ಬೆರಳೇ ಅದನ್ನ ಅಗಲ ಮಾಡಬೇಕು, ಆ ಅಗಲ ಮಾಡೋ ಕೆಲಸಕ್ಕೆ ನಮ್ಮ ಕೈಯಲ್ಲಿರೋ ಬಲ ಮುಷ್ಟಿ ಕಟ್ಟೋ ಬಲಕ್ಕಿಂತ ತುಂಬಾ ಕಮ್ಮಿ. ಸ್ಪ್ರಿಂಗ್ ಇರೋ ಕತ್ತರಿ ತಾನೇ ಬಾಯಿ ಬಿಡುತ್ತೆ, ಆ ಕೆಲಸ ಉಳೀತು. ಹಾಗಂತ ಸ್ಪ್ರಿಂಗ್ ಇದ್ರೆ ಸಾಕು ಅಂತಲ್ಲ, ಸ್ಪ್ರಿಂಗ್ ಗಟ್ಟಿಯಾಗಿದ್ರೆ ಪ್ರತಿ ಸಲ ಎಲೆ ಕತ್ತರಿಸೋಕಿಂತ ಸ್ಪ್ರಿಂಗ್ ಅಮುಕೋಕೇ ಜಾಸ್ತಿ ಬಲ ಹೋಗುತ್ತೆ, ಎರಡೇ ಬೆರಳಲ್ಲಿ ಸಲೀಸಾಗಿ ಮುಚ್ಚೋ ಹಾಗಿರಬೇಕು.

ಇನ್ನು ಹಿಡಿ. ಗಟ್ಟಿ ಪ್ಲಾಸ್ಟಿಕ್ಕಿನ ಸಣ್ಣ ಉಂಗುರದ ಹಿಡಿ ಹೆಬ್ಬೆರಳಿನ ಪಕ್ಕದಲ್ಲಿ ಒತ್ತಿ ಒತ್ತಿ ಮೊದಲು ಕೆಂಪಾಗುತ್ತೆ, ಆಮೇಲೆ ಗುಳ್ಳೆ ಏಳುತ್ತೆ, ಅಲ್ಲೇ ಚರ್ಮದ ಕೆಳಗೆ ನರ ಹಾದುಹೋಗೋದ್ರಿಂದ ಆ ಬದಿ ಜೋಮು ಹಿಡಿಯೋದೂ ಉಂಟು. ಬೋನ್ಸಾಯ್ ಕೆಲಸದವರು ಬಳಸೋ ಕತ್ತರಿ ನೋಡಿ, ಬ್ಲೇಡ್ ಪುಟ್ಟದು, ಹಿಡಿ ಮಾತ್ರ ಚಿಟ್ಟೆ ರೆಕ್ಕೆ ಥರ ಅಗಲ, ಬೆರಳು ಎಷ್ಟು ಬೇಕಾದ್ರೂ ಒಳಗೆ ಹಾಕ್ಕೋಬಹುದು, ಭಾರ ಒಂದೇ ಕಡೆ ಬೀಳಲ್ಲ. ಸ್ಪ್ರಿಂಗ್ ಇಲ್ಲದ್ದೇ ಬೇಕು ಅನ್ನೋರಿಗೆ ನನ್ನ ಮಟ್ಟಿಗೆ ಅದೇ ಬೆಸ್ಟು. ಬಾಕ್ಸ್ ಮೇಲೆ ಎರ್ಗೋನಾಮಿಕ್ (ಅಂದ್ರೆ ಕೈಗೆ ಒಗ್ಗೋ ಥರ ಮಾಡಿದ್ದು) ಅಂತ ದೊಡ್ಡಕ್ಷರದಲ್ಲಿ ಬರೆದಿರೋದಕ್ಕೆ ಬೆಲೆ ಕೊಡಬೇಡಿ, ಕೈಗೆ ಹಾಕ್ಕೊಂಡು ಐದು ನಿಮಿಷ ಸುಮ್ಮನೆ ಗಾಳೀಲಿ ಕತ್ತರಿಸ್ತಾ ನಿಂತ್ರೆ ಗೊತ್ತಾಗುತ್ತೆ, ಗ್ಲೌಸ್ ಹಾಕ್ಕೊಂಡು ಕೆಲಸ ಮಾಡೋರಾದ್ರೆ ಗ್ಲೌಸ್ ಹಾಕ್ಕೊಂಡೇ ನೋಡಿ.

ಎಡಗೈಯವರ ಪಾಡಂತೂ ಬೇರೆ. ಎರಡೂ ಕೈಗೆ ಆಗುತ್ತೆ ಅಂತ ಮಾರೋದ್ರಲ್ಲಿ ಬಹಳಷ್ಟು ಸಲ ಹಿಡಿ ಮಾತ್ರ ಎರಡೂ ಕಡೆ ಒಂದೇ ಥರ ಇರುತ್ತೆ, ಬ್ಲೇಡ್ ಬಲಗೈದೇ. ಬಲಗೈಲಿ ಹಿಡಿದಾಗ ಹೆಬ್ಬೆರಳು ತಳ್ಳೋ ಬಲ ಎರಡು ಬ್ಲೇಡನ್ನೂ ಒಂದಕ್ಕೊಂದು ಒತ್ತುತ್ತೆ, ಅದೇ ಕತ್ತರಿ ಎಡಗೈಗೆ ಬಂದ್ರೆ ಅದೇ ಬಲ ಬ್ಲೇಡನ್ನ ದೂರ ಮಾಡುತ್ತೆ, ಎಲೆ ಕತ್ತರಿಸೋ ಬದಲು ಮಧ್ಯೆ ಮಡಚಿಕೊಂಡು ಸಿಕ್ಕಾಕೊಳ್ಳುತ್ತೆ. ಬ್ಲೇಡೇ ತಿರುಗುಮುರುಗು ಇರೋ ನಿಜವಾದ ಎಡಗೈ ಕತ್ತರಿ ಸಿಗುತ್ತೆ, ಹುಡುಕಿ ತಗೊಳ್ಳಿ. ಬಲಗೈಯವರಿಗೂ ಎಲೆ ಹೀಗೇ ಮಡಚ್ತಾ ಇದ್ರೆ ನಡುವಿನ ಸ್ಕ್ರೂ ಸಡಿಲ ಆಗಿದೆ ಅಂತ ಅರ್ಥ, ಬಿಗಿ ಮಾಡೋಕೆ ಬರೋ ಸ್ಕ್ರೂ ಇರೋದನ್ನೇ ತಗೊಳ್ಳಿ, ಬಿಗಿ ಮಾಡೋಕೆ ಬರದ ಹಾಗೆ ರಿವೆಟ್ ಹೊಡೆದಿರೋದು ಬೇಡ.

ಬ್ಲೇಡ್ ಸಣ್ಣದು, ತುದಿ ಚೂಪು ಇರಲಿ. ಹಸಿ ಇದ್ದಾಗಲೇ ಟ್ರಿಮ್ ಮಾಡಿದ್ರೆ ಎಲೆ ನೆಟ್ಟಗೆ ನಿಂತಿರುತ್ತೆ, ಸಲೀಸು, ಆದ್ರೆ ಅಂಟು ವಿಪರೀತ. ಒಣಗಿದ ಮೇಲೆ ಮಾಡಿದ್ರೆ ಅಂಟು ಕಮ್ಮಿ, ಎಲೆ ಮಾತ್ರ ಮುದುಡಿ ಹೂವಿಗೆ ಅಂಟ್ಕೊಂಡಿರುತ್ತೆ, ಆಗ ಇನ್ನೂ ಸಪೂರ ತುದಿ ಬೇಕಾಗುತ್ತೆ. ದಪ್ಪ ಕಡ್ಡಿಗೆ ಈ ಕತ್ತರಿ ಹಾಕಬೇಡಿ, ಬ್ಲೇಡ್ ಬಾಗಿ ಸಂದಿ ಬಿಡುತ್ತೆ, ಅದಕ್ಕೆ ಗಿಡ ಸವರೋ ದೊಡ್ಡ ಕತ್ತರಿ ಬೇರೆ ಇಟ್ಕೊಳ್ಳಿ.

ಅಂಟಿನ ವಿಷಯಕ್ಕೆ ಬಂದೆ, ಕೈ ನೋವಿಗೆ ಅರ್ಧ ಕಾರಣ ಇದೇ. ಹೂವಿನ ಮೇಲಿನ ಸಣ್ಣ ಗ್ರಂಥಿಗಳ ರಾಳ ಬ್ಲೇಡಿಗೆ ಮೆತ್ತಿ ಕಪ್ಪು ಮೇಣದ ಥರ ಆಗುತ್ತೆ, ಸ್ಪ್ರಿಂಗ್ ವಾಪಸ್ ಬರೋದು ನಿಧಾನ ಆಗುತ್ತೆ, ಆಮೇಲೆ ಬರೋದೇ ಇಲ್ಲ, ನಮಗೆ ಗೊತ್ತಿಲ್ಲದ ಹಾಗೇ ಬೆರಳು ಜಾಸ್ತಿ ಒತ್ತೋಕೆ ಶುರು ಮಾಡುತ್ತೆ. ನೀರಿಗೆ ಇದು ಹೋಗಲ್ಲ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಟ್ಟೆ ಒದ್ದೆ ಮಾಡಿ ಒರೆಸಿದ್ರೆ ಹೋಗುತ್ತೆ. ಆಲ್ಕೋಹಾಲ್ ಬೇಗ ಬೆಂಕಿ ಹಿಡಿಯೋ ವಸ್ತು, ಒಲೆ ದೀಪ ಸಿಗರೇಟು ಹತ್ರ ಬೇಡ, ಬ್ಲೇಡ್ ಪೂರ್ತಿ ಒಣಗಿದ ಮೇಲೇ ಮತ್ತೆ ಕತ್ತರಿಸಿ. ಕೀಲಿಗೆ ಒಂದು ಹನಿ ಅಡುಗೆ ಎಣ್ಣೆ ಸಾಕು, ಮಷೀನ್ ಆಯಿಲ್ ಅಂತೂ ಬೇಡವೇ ಬೇಡ ಯಾಕಂದ್ರೆ ಅದು ಕೊನೆಗೆ ಹೋಗೋದು ಮನುಷ್ಯನ ಒಳಗೆ. ಎರಡು ಕತ್ತರಿ ಇಟ್ಕೊಂಡು ಒಂದು ಆಲ್ಕೋಹಾಲ್‌ನಲ್ಲಿ ನೆನೆಯೋವಾಗ ಇನ್ನೊಂದರಲ್ಲಿ ಕೆಲಸ ಮಾಡೋದು ಒಳ್ಳೇದು, ಎರಡೂ ಬೇರೆ ಬೇರೆ ಹಿಡೀದಾದ್ರೆ ಕೈಗೂ ಬದಲಾವಣೆ ಸಿಗುತ್ತೆ. ದುಬಾರಿದು ಒಂದು ತಗೊಳ್ಳೋಕಿಂತ ಅದೇ ದುಡ್ಡಿಗೆ ಸಾಧಾರಣದ್ದು ಎರಡು ತಗೊಳ್ಳಿ ಅಂತ ನಾನಂತೂ ಹೇಳ್ತೀನಿ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಚುರುಚುರು ಅಂತಿದ್ರೆ, ರಾತ್ರಿ ಜೋಮು ಹಿಡಿದು ಎಚ್ಚರ ಆಗ್ತಿದ್ರೆ ಅದು ಬರೀ ಸುಸ್ತಲ್ಲ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಾಗ ಹೀಗಾಗುತ್ತೆ, ಆಗ ಹೊಸ ಕತ್ತರಿ ಹುಡುಕೋದು ಬಿಟ್ಟು ಡಾಕ್ಟರ್ ಹತ್ರ ಹೋಗಬೇಕು.

ನಿಮ್ಮ ಕೈತೋಟದ ಪುಟದಲ್ಲಿ ಮಣ್ಣು, ಗೊಬ್ಬರ, ಹುಳದ ಔಷಧಿ ಬಗ್ಗೆ ವಾರ ವಾರ ಬರುತ್ತೆ. ಗುಲಾಬಿ ಸವರೋರಿಗೂ ಔಷಧಿ ಸೊಪ್ಪು ಕೊಯ್ಯೋರಿಗೂ ಕೈ ಇದೇ ಥರ ನೋಯುತ್ತೆ, ಒಂದು ವಾರ ಉಪಕರಣದ ಹಿಡಿ ಬಗ್ಗೆ ಕೈ ಡಾಕ್ಟರ್ ಒಬ್ಬರ ಹತ್ರ ಬರೆಸಿ.

ಇತಿ,
ನಿಮ್ಮ ಓದುಗ