ಮನೆಯಲ್ಲೂ ನೀನು ‘ಟೀಚರ್’ ಅಂದ ಆ ವಾರ

ಸಕಲೇಶಪುರ
ಶನಿವಾರ ರಾತ್ರಿ

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೆ ಬಾಯಿಗೆ ಮತ್ತೆ ಅದೇ ಮಾತು ಬರುತ್ತಿತ್ತು. ಟೀಚರ್ ಕೆಲಸ ಬಿಡುತ್ತೇನೆ ಅಂತ ನೀನು ಅತ್ತರೆ ನಾನು “ಎಲ್ಲಾ ಶಾಲೆಯಲ್ಲೂ ಇರೋದೇ, ನಾನು 32 ವರ್ಷ ಮಾಡಿಲ್ವಾ” ಅಂದುಬಿಟ್ಟೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ “ನೀನು ಯಾವಾಗಲೂ ಟೀಚರ್ರೇ ಅಮ್ಮ” ಅಂದು ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದನ್ನೆಲ್ಲ ಇವತ್ತು ಕೂತು ನೆನಪು ಮಾಡಿಕೊಂಡೆ. ಸೋಮವಾರ ಅಡುಗೆ ಕೋಣೆಯಲ್ಲಿ ಗ್ಯಾಸ್ ಖಾಲಿ. ಮಂಗಳವಾರ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ, ಬುಧವಾರ ಮಕ್ಕಳ ಸಂತೆ, ಗುರುವಾರ ಪೋಷಕರ ಎಸ್‌ಡಿಎಂಸಿ ಸಭೆ, ನಿನ್ನೆ ಮಕ್ಕಳ ದಿನಾಚರಣೆ. ಇದರ ನಡುವೆ ದಿನಾ ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ನೆಟ್‌ವರ್ಕ್ ಸಿಗಲಿ ಅಂತ ನೀರಿನ ಟ್ಯಾಂಕ್ ಪಕ್ಕ ನಿಂತು ಆನ್‌ಲೈನ್ ಎಂಟ್ರಿ. ದೊಡ್ಡ ತರಗತಿಗೆ ಅಂತ ಆಯ್ಕೆಯಾದ ನಿನಗೆ ಚಿಕ್ಕ ಮಕ್ಕಳು ಕಾರ್ಡು ಹಿಡಿದು ಆಡುತ್ತಾ ಕಲಿಯುವ ನಲಿ-ಕಲಿ ಕೊಟ್ಟಿದ್ದಾರೆ. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರು ಮೂರೂ ತರಗತಿ. “ಪಾಠ ಮಾಡೋದು ಯಾವಾಗ ಅಮ್ಮ?” ಅಂತ ಕೇಳಿದೆ. ನಾನು ಉತ್ತರ ಕೊಡಲಿಲ್ಲ, ನನ್ನ ಸರ್ವೀಸ್ ಲೆಕ್ಕ ಹೇಳಿದೆ. ತಪ್ಪಾಯಿತು.

ಪ್ರತಿಭಾ ಕಾರಂಜಿ ಅಂದ ತಕ್ಷಣ ನನ್ನ ಕಿವಿ ಮುಚ್ಚಿಹೋಯಿತು ಅಂತ ಈಗ ಅನ್ನಿಸುತ್ತಿದೆ. 2006. ನೀನು ಮೂರನೇ ತರಗತಿ, ನನ್ನ ಶಾಲೆಯಲ್ಲೇ. ಕಥೆ ಹೇಳುವ ಸ್ಪರ್ಧೆ. ಅವತ್ತು ಬೆಳಿಗ್ಗೆ ಗೇಟಿನ ಹತ್ತಿರ ಏನಾಯಿತು ಅಂತ ಇಬ್ಬರಿಗೂ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ನಿನಗೆ ಗೊತ್ತಿಲ್ಲದ್ದು ಸ್ವಲ್ಪ ಇದೆ.

ಎರಡು ವಾರದಿಂದ ನೀನು ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದೆ. ಕೊಟ್ಟಿಗೆಯ ಬಾಗಿಲು ತಟ್ಟಿ “ಗುಬ್ಬಕ್ಕಾ, ಗುಬ್ಬಕ್ಕಾ, ಬಾಗಿಲು ತೆಗಿ” ಅನ್ನುತ್ತಿದ್ದೆ. ಒಳಗಿನ ದನದ ಪರವಾಗಿಯೂ ನೀನೇ “ತಾಳು ಕಾಗಕ್ಕ, ಮಕ್ಕಳಿಗೆ ನೀರು ಹುಯ್ತಿದ್ದೀನಿ” ಅನ್ನುತ್ತಿದ್ದೆ. ಸ್ಪರ್ಧೆಗೆ ಎರಡು ದಿನ ಇದ್ದಾಗ ಶಾಲೆಯ ಸಭೆಯಲ್ಲಿ ಒಬ್ಬರು ಅಂದರು: “ಟೀಚರ್ ಮಗಳು ಇದ್ದಾಳಲ್ಲ, ನಮ್ಮ ಮಕ್ಕಳು ಯಾಕೆ ಬೇಕು.” ಕೂಗಿ ಹೇಳಲಿಲ್ಲ, ಟೀ ಲೋಟ ಇಡುತ್ತಾ ಹೇಳಿದರು. ನನಗೆ ಅಷ್ಟು ಸಾಕಾಯಿತು. ಅವತ್ತು ರಾತ್ರಿಯೇ ಪಟ್ಟಿಯಲ್ಲಿ ನಿನ್ನ ಹೆಸರು ಹೊಡೆದು ತೋಟದ ಕೂಲಿಯವರ ಲೈನ್ ಮನೆಯ ಹುಡುಗಿಯ ಹೆಸರು ಬರೆದೆ. ನಿನಗೆ ಹೇಳಲಿಲ್ಲ. ನಾಳೆ ಹೇಳಿದರಾಯಿತು ಅಂತ ಎರಡು ದಿನ ತಳ್ಳಿದೆ. ಕೊನೆಗೆ ಅವಳಿಗೆ ಉಡಿಸಲು ನಾನು ನಿನ್ನ ಹಸಿರು ಲಂಗ ಕೇಳಿದಾಗಲೇ ನಿನಗೆ ಗೊತ್ತಾಗಿದ್ದು.

ಆ ಹುಡುಗಿ ವೇದಿಕೆ ಮೇಲೆ ನಿನ್ನ ಲಂಗ ಉಟ್ಟು ನಿಂತಳು. ಶುರು ಚೆನ್ನಾಗಿಯೇ ಮಾಡಿದಳು. ಮಳೆ ಬಂತು, ಕಾಗಕ್ಕನ ಮನೆ ಕೊಚ್ಚಿಹೋಯಿತು, ಗುಬ್ಬಕ್ಕನ ಮನೆಗೆ ಬಂದಳು. “ಬಾಗಿಲು ತೆಗಿ” ಅಂತ ಹೇಳಿ ಅಲ್ಲೇ ನಿಂತುಬಿಟ್ಟಳು. ಮುಂದಿನದು ಮರೆತುಹೋಗಿತ್ತು. ನನ್ನನ್ನೇ ನೋಡುತ್ತಿದ್ದಳು. ನನ್ನ ತಲೆಯೊಳಗೆ ಮುಂದಿನ ಸಾಲು ನಿನ್ನ ದನಿಯಲ್ಲಿ ಓಡುತ್ತಿತ್ತು. ನಿನಗೆ ಎರಡು ವಾರ ಸಿಕ್ಕಿತ್ತು, ಅವಳಿಗೆ ನಾನು ಎರಡು ದಿನ ಕೊಟ್ಟಿದ್ದೆ. ಬರುವಾಗ ಬಸ್ಸಿನಲ್ಲಿ ನನ್ನ ತೊಡೆ ಮೇಲೆ ಮಲಗಿ ನಿದ್ದೆ ಮಾಡಿದಳು. ಮನೆಗೆ ಬಂದರೆ ನೀನು ತಟ್ಟೆ ಮುಂದೆ ಕೂತು “ಟೀಚರ್, ಸಾರು” ಅಂದೆ. ಭಾನುವಾರ ಎಣ್ಣೆ ಸ್ನಾನದ ತನಕ ಬಾಯಲ್ಲಿ ‘ಅಮ್ಮ’ ಬರಲಿಲ್ಲ.

ಹೆಸರು ಬದಲಿಸಿದ್ದು ತಪ್ಪು ಅಂತ ಇವತ್ತಿಗೂ ನನಗೆ ಪೂರ್ತಿ ಹೇಳಲು ಆಗುತ್ತಿಲ್ಲ. ಲೈನ್ ಮನೆಯ ಮಕ್ಕಳೂ ವೇದಿಕೆ ಹತ್ತಬೇಕು. ಆದರೆ ನಿನಗೆ ಹೇಳದೇ ಇದ್ದದ್ದು ತಪ್ಪು. ಅವಳಿಗೆ ಕಲಿಸದೇ ಕಳಿಸಿದ್ದೂ ತಪ್ಪು. ನನ್ನ ಮೇಲೆ ಮಾತು ಬರಬಾರದು ಅಂತ ಇಬ್ಬರು ಮಕ್ಕಳನ್ನು ಮುಂದೆ ನಿಲ್ಲಿಸಿದೆ. 19 ವರ್ಷ ಆಯಿತು, ಈ ಮಾತನ್ನು ನಿನ್ನ ಹತ್ತಿರ ಬಾಯಿಬಿಟ್ಟು ಆಡಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಇಂಥ ವಾರದಲ್ಲಿ ಪಟ್ಟಿಯಲ್ಲಿ ಇಲ್ಲದ ಮಕ್ಕಳನ್ನು ನೋಡು. ಡ್ಯಾನ್ಸ್ ಅಭ್ಯಾಸ ಅಂತ ಎಂಟು ಮಕ್ಕಳು ಹೊರಗೆ ಹೋದರೆ ಉಳಿದವರು ಕಿಟಕಿ ನೋಡುತ್ತಾ ಕೂರುತ್ತಾರೆ. ಆಗ ನಲಿ-ಕಲಿ ಕಾರ್ಡು ತೆಗಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ನಮ್ಮ ಶಾಲೆಗೆ ಬಂದಿದ್ದು 2009ರಲ್ಲಿ. ನನಗೆ ಮೊದಲು ಕೋಪವೇ ಬಂದಿತ್ತು. ಆದರೆ ಒಂದು ಮಗು ನಾಲ್ಕು ದಿನ ಬರದಿದ್ದರೂ ಕಲಿಕೆಯ ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ನಿಮ್ಮ ಸುರಪುರದ ಕಡೆ ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳು ಹೊಲಕ್ಕೆ ಹೋಗುತ್ತಾರೆ ಅಂದೆಯಲ್ಲ, ಅವರಿಗೆ ಇದು ಬೇಕು. ಈರುಳ್ಳಿ ಚಿತ್ರ ನೋಡಿ ಉಳ್ಳಾಗಡ್ಡಿ ಅಂದರೆ ತಪ್ಪು ಹಾಕಬೇಡ. ನೀನು ಮೊಟ್ಟೆ ಅಂದರೆ ನಗುತ್ತಾರಂತೆ, ನೀನೇ ತತ್ತಿ ಅನ್ನು. ಹಾಲಿಗೆ ಅಳತೆ ಬಿಡಬೇಡಿ, ಒಂದು ಮಗುವಿಗೆ 18 ಗ್ರಾಂ ಪುಡಿ, 150 ಮಿ.ಲೀ. ಹಾಲು. ನೀರು ಜಾಸ್ತಿ ಆದರೆ ಮಕ್ಕಳು ಚೆಲ್ಲುತ್ತಾರೆ. ಸಭೆಗೆ ನಾಲ್ಕೇ ಜನ ಬಂದರು ಅಂತ ಬೇಜಾರು ಮಾಡಿಕೊಂಡೆ. 2001ರಲ್ಲಿ ಎಸ್‌ಡಿಎಂಸಿ ಹೊಸದಾಗಿ ಬಂದಾಗ ನಾವೂ ಬೆಳಿಗ್ಗೆ 11 ಗಂಟೆಗೇ ಕರೆದಿದ್ದೆವು. ಸಂಜೆ ತೋಟದ ಕೆಲಸ ಬಿಟ್ಟ ಮೇಲೆ ಕರೆದಾಗ ಜಗಲಿ ತುಂಬಿತು. ಮತ್ತೆ ಅಡುಗೆಯವರನ್ನು ಅಕ್ಕ ಅಂತಲೇ ಕರಿ, ಮಧ್ಯಾಹ್ನ ಮಕ್ಕಳ ಸಾಲಿನಲ್ಲೇ ಕೂತು ಊಟ ಮಾಡು...

ನೋಡು, ಮತ್ತೆ ಪಾಠ ಶುರು ಮಾಡಿದೆ. ಇಷ್ಟಕ್ಕೆ ನಿಲ್ಲಿಸುತ್ತೇನೆ.

ನಿನ್ನೆ ನೀನು ಇನ್ನೊಂದು ಮಾತು ಹೇಳಿದೆ, ಅಳುವಿನ ಮಧ್ಯೆ. ಎರಡನೇ ತರಗತಿಯ ಒಬ್ಬ ಹುಡುಗ, ಜೂನ್‌ನಿಂದ ಬಾಯಿಯೇ ಬಿಟ್ಟಿರಲಿಲ್ಲ, ಮಕ್ಕಳ ಸಂತೆಯಲ್ಲಿ ಮೆಂತ್ಯ ಸೊಪ್ಪಿನ ಕಟ್ಟು ಮಾರಿದ ಅಂತ. ಬೋರ್ಡಿನ ಮೇಲೆ ಕಳೆಯುವ ಲೆಕ್ಕ ಬರದವನು ಇಪ್ಪತ್ತರ ನೋಟಿಗೆ ಸರಿಯಾಗಿ ಚಿಲ್ಲರೆ ಕೊಟ್ಟ ಅಂತ. ನಾನು “ಹೂಂ ಹೂಂ” ಅಂದು ನನ್ನ ಮಾತಿಗೆ ಹೋಗಿಬಿಟ್ಟೆ. ರಾತ್ರಿ ಎಚ್ಚರವಾದಾಗ ಅದು ನೆನಪಾಯಿತು, ಆಮೇಲೆ ನಿದ್ದೆ ಬರಲಿಲ್ಲ. ಪಾಠ ಯಾವಾಗ ಅನ್ನುವ ನಿನ್ನ ಪ್ರಶ್ನೆಗೆ ಉತ್ತರ ನೀನೇ ಹೇಳಿದ್ದೆ, ನಾನು ಕೇಳಿಸಿಕೊಳ್ಳಲಿಲ್ಲ. ಅಪ್ಪನನ್ನು ಎಬ್ಬಿಸಿ ಹೇಳಿದೆ. ಅವರು ಎದ್ದು ಕೂತು “ನಮ್ಮ ಪುಟ್ಟಿನೇ ಹಾಕಿಸಿದ ಸಂತೆನಾ?” ಅಂತ ಎರಡು ಸಲ ಕೇಳಿದರು.

ಕೆಲಸ ಬಿಡುತ್ತೇನೆ ಅಂದಿದ್ದೀಯ. ಬಿಡಬೇಡ ಅನ್ನಲು ನಾಲಿಗೆ ತುದಿಗೆ ಬರುತ್ತಿದೆ. ಹೇಳುವುದಿಲ್ಲ, ಅದು ನಿನ್ನ ತೀರ್ಮಾನ. ಒಬ್ಬಳೇ ಇದ್ದೀಯ, ರಾತ್ರಿ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ ಅನ್ನೋದೇ ನನ್ನ ಚಿಂತೆ. ಅಪ್ಪೆಮಿಡಿ ಉಪ್ಪಿನಕಾಯಿ, ಕಾಫಿ ಪುಡಿ ಸೋಮವಾರ ಪಾರ್ಸೆಲ್ ಮಾಡುತ್ತೇನೆ. ಈ ಪತ್ರವೂ ಅದರಲ್ಲೇ ಇರುತ್ತದೆ.

ಸಿಕ್ಕಿದ ಮೇಲೆ ಫೋನ್ ಮಾಡು. ಆ ಹುಡುಗನ ವಿಷಯ ಮೊದಲಿಂದ ಹೇಳು. ಮೆಂತ್ಯ ಕಟ್ಟು ಎಷ್ಟಕ್ಕೆ ಮಾರಿದ ಅಂತ ನನಗೆ ಸರಿಯಾಗಿ ಕೇಳಿಸಲಿಲ್ಲ.

ನಿನ್ನ
ಅಮ್ಮ