ಗೆದ್ದಲು ತಿಂದ ಕೊನೆಯ ಪುಟಗಳು

ಈ ಸಂಚಿಕೆಯ ಸಂಪಾದಕೀಯವನ್ನು ಬೇಲೂರಿನ ಪಕ್ಕದ ಹಳ್ಳಿಯಲ್ಲಿ, ದೊಡ್ಡಮ್ಮನ ಮನೆಯ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಎದುರಿಗೆ ಕಣದ ತುಂಬ ಕಾಫಿ ಹರಡಿದೆ. ಬೆಳಿಗ್ಗೆ ಹೋದ ಕರೆಂಟು ಇನ್ನೂ ಬಂದಿಲ್ಲ. ಲ್ಯಾಪ್‌ಟಾಪಿನಲ್ಲಿ ಉಳಿದಿರುವ ಬ್ಯಾಟರಿಯೊಳಗೆ ಮಾತು ಮುಗಿಸಬೇಕಾದ್ದರಿಂದ ಪೀಠಿಕೆ ಇಲ್ಲ.

ಹೊರಡುವ ಮುಂಚೆ ಪರದೇಶದ ನಮ್ಮ ಕನ್ನಡ ಕೂಟದ ದೀಪಾವಳಿ ಊಟದ ಪಂಕ್ತಿಯಲ್ಲಿ ಮೂರ್ನಾಲ್ಕು ಜನ ಹೇಳಿದ್ದು ಒಂದೇ ಮಾತು: "ಊರಿಗೆ ಹೋಗ್ತಿದ್ದೀರಲ್ಲ, ಐತಿಹಾಸಿಕ ಕಾದಂಬರಿ ಒಂದಷ್ಟು ತನ್ನಿ. ಯಾವುದು ಅಂತ ನೀವೇ ಆರಿಸಿ." ಆರಿಸುವುದು ಸುಲಭವಲ್ಲ. ವಿಮಾನದವರು ಬಿಡುವುದು 23 ಕಿಲೋದ ಎರಡು ಪೆಟ್ಟಿಗೆ. ಅದರಲ್ಲಿ ಒಂದು ಕಾಫಿಪುಡಿಗೂ ಸಾರಿನಪುಡಿಗೂ ಹಪ್ಪಳಕ್ಕೂ ಆಗಲೇ ಮೀಸಲು. ಉಳಿದ ಒಂದನ್ನು ನಿನ್ನೆಯಿಂದ ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಇಡುತ್ತಿದ್ದೇನೆ, ಇಳಿಸುತ್ತಿದ್ದೇನೆ. ತೋಟದ ಆಳುಗಳಿಗೆ ಒಳ್ಳೆ ತಮಾಷೆ.

ಶುರು ಮಾಡಿದ್ದು ದೊಡ್ಡಮ್ಮನ ಟ್ರಂಕಿನಿಂದ. ಅದರಲ್ಲಿ ಹೊಯ್ಸಳ ರಾಣಿ ಶಾಂತಲೆಯ ಮೇಲೆ ಕೆ.ವಿ. ಅಯ್ಯರ್ ಬರೆದ 'ಶಾಂತಲಾ' ಇದೆ, ಹಳೇ ಕ್ಯಾಲೆಂಡರಿನ ರಟ್ಟು ಹಾಕಿಕೊಂಡು. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದವರು, ಮೈಕಟ್ಟಿಗೆ ಹೆಸರಾದವರು. ಆ ಕೈಯಿಂದ ಇಷ್ಟು ಮೆತ್ತಗಿನ ಬರವಣಿಗೆ ಹೇಗೆ ಬಂತೋ! ನಮ್ಮ ಪ್ರತಿಯಲ್ಲಿ ಕೊನೆಯ ಹದಿನಾರು ಪುಟ ಇಲ್ಲ, ನಾನು ಹುಟ್ಟುವ ಮುಂಚೆಯೇ ಗೆದ್ದಲು ತಿಂದಿತ್ತು. ಹಾಗಾಗಿ ನಮ್ಮ ಮನೆಯ ಮಕ್ಕಳೆಲ್ಲ ಆ ಕಾದಂಬರಿಯ ಮುಕ್ತಾಯವನ್ನು ದೊಡ್ಡಮ್ಮನ ಬಾಯಲ್ಲೇ ಕೇಳಿದ್ದು. ಒಂದು ಸಲ ಶಾಂತಲೆ ಶಿವಗಂಗೆ ಬೆಟ್ಟದಿಂದ ಹಾರಿದಳು. ಇನ್ನೊಂದು ಸಲ ಕಾಲು ಜಾರಿತು. ದೊಡ್ಡಪ್ಪ ತೀರಿಹೋದ ವರ್ಷ ಮಾತ್ರ, "ಹಾರಲಿಲ್ಲ ಕಣೋ, ಮೇಲೆ ಹೋಗಿ ಸುಮ್ನೆ ಕೂತ್ಕಂಡ್ಲು" ಅಂದಿದ್ದರು. ಹೊಸ ಪ್ರತಿ ತಂದುಕೊಡಲೇ ಎಂದರೆ ಬೇಡ ಅನ್ನುತ್ತಾರೆ.

ಆಮೇಲೆ ತಮ್ಮನನ್ನು ಕರೆದುಕೊಂಡು ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಬಂದವರೆಲ್ಲ ಗೊಮ್ಮಟನ 58 ಅಡಿ ನೋಡಲು ದೊಡ್ಡ ಬೆಟ್ಟ ಹತ್ತುತ್ತಾರೆ. ಎದುರಿನ ಚಿಕ್ಕಬೆಟ್ಟ ಖಾಲಿ. ಅಲ್ಲೇ ಶಾಂತಲೆ 1123ರಲ್ಲಿ ಕಟ್ಟಿಸಿದ ಬಸದಿ ಇದೆ. ಅದರ ಹೆಸರು ಸವತಿಗಂಧವಾರಣ ಬಸದಿ. ಸವತಿಯರ ಪಾಲಿಗೆ ಮದ್ದಾನೆ ಎಂಬುದು ಆಕೆಯದೇ ಬಿರುದು! ಅಯ್ಯರ್ ಅವರ ಕಾದಂಬರಿಯಲ್ಲಿ ಸವತಿ ಲಕ್ಷ್ಮಿಯೇ ಶಾಂತಲೆಯ ಜೀವದ ಗೆಳತಿ. ಕಲ್ಲಿನ ಮೇಲಿರುವುದು ಮದ್ದಾನೆ. ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ನಿಂತಾಗ ನನಗೆ ನಿಜಕ್ಕೂ ನಗು ಬಂತು. ಬಿರುದೆಂದರೆ ಹೊಗಳುಭಟರ ಮಾತು ಎಂದು ತಳ್ಳಿಹಾಕಬಹುದು, ಸರಿ. ಆದರೆ ಅದನ್ನು ಬಸದಿಗೇ ಇಟ್ಟ ಹೆಣ್ಣು ಬರೀ ಕಣ್ಣೀರಿನವಳಾಗಿರಲಾರಳು.

ಆಕೆಯ ಸಾವಿನ ವಿಷಯಕ್ಕೆ ಬಂದರೆ ಶಾಸನದ್ದು ಒಂದೇ ಉಸಿರಿನ ಮಾತು. 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ದೇಹ ಬಿಟ್ಟಳು, ಅಷ್ಟೇ. ಹೇಗೆ, ಯಾಕೆ ಎಂಬುದಿಲ್ಲ. ಮಗಳ ಹಿಂದೆಯೇ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಅನ್ನಾಹಾರ ತೊರೆಯುವ ಜೈನರ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಡುತ್ತಾಳೆ. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ, ಗಂಡ ಹೊಯ್ಸಳ ದೊರೆ ವಿಷ್ಣುವರ್ಧನ. ಇಷ್ಟು ಸಾಮಗ್ರಿ ಕೊಟ್ಟು ಕಲ್ಲು ಬಾಯಿ ಮುಚ್ಚಿಕೊಂಡರೆ ಕಾದಂಬರಿಕಾರ ಸುಮ್ಮನಿರುತ್ತಾನೆಯೇ? ಗೆದ್ದಲು ನಮ್ಮ ಪ್ರತಿಗೆ ಮಾಡಿದ್ದನ್ನೇ ಕಾಲ ಆ ಕತೆಗೆ ಮಾಡಿದೆ.

ಇದೇ ವಸ್ತುವನ್ನು ಸಿ.ಕೆ. ನಾಗರಾಜರಾವ್ 'ಪಟ್ಟಮಹಾದೇವಿ ಶಾಂತಲದೇವಿ'ಯಲ್ಲಿ ಬೇರೆ ದಾರಿಯಲ್ಲಿ ಹಿಡಿದರು. ಜ್ಞಾನಪೀಠದವರ ಮೂರ್ತಿದೇವಿ ಪ್ರಶಸ್ತಿಯನ್ನು 1983ರಲ್ಲಿ ಮೊಟ್ಟಮೊದಲು ಪಡೆದ ಕೃತಿ ಇದೇ. ಕಪಾಟಿನಲ್ಲಿ ಗೇಣುದ್ದ ಜಾಗ ಕೇಳುವ ಪುಸ್ತಕ. ಸಾವಧಾನದ ಓದುಗರಿಗೆ ಹಬ್ಬ, ನನ್ನಂಥವನಿಗೆ ಅಲ್ಲಲ್ಲಿ ಆಕಳಿಕೆ. ಇದನ್ನು ಓದುವವರು ಮಧ್ಯೆ ಒಂದು ಸಲ ಬೇಲೂರಿಗೆ ಬಂದು ಹೋಗುವುದು ಒಳ್ಳೆಯದು. ಚೆನ್ನಕೇಶವನ ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲೆಯೇ ಕಟ್ಟಿಸಿದ್ದು. ಗೈಡುಗಳು ಮಾತ್ರ ಅಲ್ಲಿ ಜಕಣಾಚಾರಿ, ಡಂಕಣಾಚಾರಿ, ಕಲ್ಲಿನೊಳಗಿನ ಕಪ್ಪೆ ಎಂದು ಕತೆ ಹೇಳಿ ಮುಗಿಸುತ್ತಾರೆ. ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ತಾವೇ ವಿಗ್ರಹಗಳ ಕೆಳಗೆ ಕೊರೆದು ಹೋಗಿದ್ದಾರೆ. ಅದನ್ನು ಬೆರಳಿಟ್ಟು ತೋರಿಸುವವರು ಕಡಿಮೆ.

ಐತಿಹಾಸಿಕ ಕಾದಂಬರಿಗೆ ನನ್ನದೊಂದು ಪರೀಕ್ಷೆ ಇದೆ, ಮೆಣಸಿನಕಾಯಿ ಪರೀಕ್ಷೆ. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿಯುವ ಮುಂಚೆ ನಮ್ಮಲ್ಲಿ ಮೆಣಸಿನಕಾಯಿ ಇರಲಿಲ್ಲ. ಹೊಯ್ಸಳರ ರಾಜಧಾನಿ ದೋರಸಮುದ್ರದ ಅಡುಗೆಮನೆಯ ಖಾರವೆಂದರೆ ಇಲ್ಲಿ ಮರಕ್ಕೆ ಹಬ್ಬಿರುವ ಕಾಳುಮೆಣಸು. ಹೊಯ್ಸಳ ರಾಜನಿಗೆ ಕೆಂಪು ಸಾರು ಬಡಿಸಿದ ಲೇಖಕರನ್ನು ನಾನು ಅಲ್ಲೇ ಕೆಳಗಿಡುತ್ತೇನೆ. ರಾಜರೆಲ್ಲ ಕಂಪನಿ ನಾಟಕದವರ ಹಾಗೆ ಮಾತಾಡಿದರೂ ಅಷ್ಟೇ.

ಈ ಪರೀಕ್ಷೆಯನ್ನೇ ತಿರುಗಿಸಿ ಕಾದಂಬರಿ ಮಾಡಿದವರು ಕೆ.ಎನ್. ಗಣೇಶಯ್ಯ. ಹೊಯ್ಸಳ ವಿಗ್ರಹಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಕಾಣುತ್ತದೆ. ಆದರೆ ಆ ಜೋಳ ಅಮೆರಿಕದ ಬೆಳೆ, ಕೊಲಂಬಸನಿಗಿಂತ ಮುಂಚೆ ಇಲ್ಲಿಗೆ ಹೇಗೆ ಬಂತು? ಲೇಖಕರು ಕೃಷಿ ವಿಜ್ಞಾನಿ, ಆ ಪ್ರಶ್ನೆಯಿಂದಲೇ 'ಕನಕ ಮುಸುಕು' ಹುಟ್ಟಿದ್ದು. ಸಾಹಿತ್ಯದ ಗಹನತೆ ಹುಡುಕಬೇಡಿ, ಪತ್ತೇದಾರಿಯ ಓಟ ಇದೆ. ಕನ್ನಡ ಓದಲು ಒಲ್ಲೆ ಎನ್ನುವ ನಮ್ಮ ಕೂಟದ ಹದಿಹರೆಯದವರಿಗೆ ಮೊದಲು ಕೊಡಬೇಕಾದ್ದು ಇದು. ಪೆಟ್ಟಿಗೆಗೆ ಎರಡು ಪ್ರತಿ ಹಾಕಿದ್ದೇನೆ.

ಒಂದೇ ಒಂದು ಓದುತ್ತೇನೆ, ಒಳ್ಳೇದು ಯಾವುದು ಹೇಳಿ ಎನ್ನುವವರಿಗೆ ನನ್ನ ಉತ್ತರ ತ.ರಾ.ಸು. ಅವರ 'ದುರ್ಗಾಸ್ತಮಾನ'. ಚಿತ್ರದುರ್ಗದ ಮದಕರಿನಾಯಕ, 1779ರಲ್ಲಿ ಹೈದರಾಲಿಗೆ ಸೋತ ಕೋಟೆ. ಕೋಟೆ ಬೀಳುತ್ತದೆಂದು ಹೆಸರಲ್ಲೇ ಹೇಳಿ, ಬೀಳುವವರೆಗೂ ನಿಮ್ಮನ್ನು ಬುರುಜಿನ ಮೇಲೆ ನಿಲ್ಲಿಸುವ ಎದೆಗಾರಿಕೆ ಅದರದು. ಮೊದಲ ನೂರು ಪುಟ ನಿಧಾನ, ಬಿಡಬೇಡಿ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ ತ.ರಾ.ಸು. ಇರಲಿಲ್ಲ. ಅಷ್ಟು ದಪ್ಪ ಆಗದವರು ಅವರದೇ 'ಹಂಸಗೀತೆ' ಹಿಡಿಯಲಿ. ಸಿನಿಮಾ ನೋಡಿದ್ದೇನೆ ಎಂದು ತಪ್ಪಿಸಿಕೊಳ್ಳಬೇಡಿ.

ಮಾಸ್ತಿಯವರ 'ಚಿಕವೀರರಾಜೇಂದ್ರ'ಕ್ಕೆ ನಮ್ಮಂಥ ಪರದೇಶಿಗಳ ಮೇಲೆ ವಿಶೇಷ ಹಕ್ಕಿದೆ. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ಪಾಲಾಯಿತು. ರಾಜ ಕಾಶಿಗೆ ಹೋದ, ಕೊನೆಗೆ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ, ಅಲ್ಲೇ ತೀರಿಕೊಂಡ. ಮಗಳು ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಸಕಲೇಶಪುರ ದಾಟಿದರೆ ಸಿಗುವ ಕೊಡಗಿನಿಂದ ಹೊರಟವರು ಹಿಂದಿರುಗಲೇ ಇಲ್ಲ. ಮಾಸ್ತಿ ಯಾರನ್ನೂ ಬೈಯದೆ, ಯಾರನ್ನೂ ಬಿಡದೆ ಬರೆಯುತ್ತಾರೆ. ಕುಡುಕ, ಕ್ರೂರಿ ರಾಜನ ಮೇಲೂ ಒಂದು ಘಳಿಗೆ ಕನಿಕರ ಬಂದುಬಿಡುತ್ತದೆ, ಆಮೇಲೆ ನಮ್ಮ ಮೇಲೇ ಸಿಟ್ಟು ಬರುತ್ತದೆ.

ಹಾಸನದಲ್ಲಿ ಕೂತು ಭೈರಪ್ಪನವರನ್ನು ಬಿಟ್ಟರೆ ಚನ್ನರಾಯಪಟ್ಟಣದವರು ಸುಮ್ಮನಿರುವುದಿಲ್ಲ. ಸಂತೇಶಿವರ ಅವರದೇ ತಾಲ್ಲೂಕು. ನನ್ನ ಆಯ್ಕೆ 'ಸಾರ್ಥ'. ಎಂಟನೇ ಶತಮಾನದಲ್ಲಿ ವ್ಯಾಪಾರಿಗಳ ತಂಡದ ಜೊತೆ ಹೊರಟ ನಾಗಭಟ್ಟ ತಾನೇ ಹೇಳಿಕೊಳ್ಳುವ ಕತೆ. 'ಆವರಣ' ಯಾಕಿಲ್ಲ ಎಂದು ಕೇಳುವವರಿಗೆ: ಅದರಲ್ಲಿ ವಾದಕ್ಕೆ ಸಿಕ್ಕಷ್ಟು ಜಾಗ ಮನುಷ್ಯರಿಗೆ ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ. ಪತ್ರ ಬರೆಯಿರಿ, ಅಚ್ಚು ಹಾಕುತ್ತೇನೆ.

ಹೊಸಬರಲ್ಲಿ ವಸುಧೇಂದ್ರರ 'ತೇಜೋ ತುಂಗಭದ್ರಾ'. ಒಂದು ದಡದಲ್ಲಿ ಲಿಸ್ಬನ್, ಇನ್ನೊಂದರಲ್ಲಿ ವಿಜಯನಗರ, ನಡುವೆ ಹಡಗು. ಸಾಮಾನ್ಯರ ಕಣ್ಣಿಂದ ಕೃಷ್ಣದೇವರಾಯನ ಕಾಲ ನೋಡಬೇಕೆಂದರೆ ಇದಕ್ಕಿಂತ ಬೇರೆ ಬೇಡ. ರಕ್ತ ಜಾಸ್ತಿ, ಮಲಗುವ ಮುಂಚೆ ಓದಬೇಡಿ.

ಇಷ್ಟಿದ್ದೂ ನನಗೆ ಬೇಕಾದ ಒಂದು ಕಾದಂಬರಿ ನನ್ನ ಕೈಗೆ ಸಿಕ್ಕಿಲ್ಲ. ಟಿಪ್ಪು ಕಟ್ಟಿಸಿದ, ನಕ್ಷತ್ರದಾಕಾರದ ಮಂಜರಾಬಾದ್ ಕೋಟೆಗೆ ಎಲ್ಲರೂ ಸೆಲ್ಫಿಗೆ ಹೋಗುತ್ತಾರೆ. ಅದೇ ಸೀಮೆಯ ಬಲಂ ಪಾಳೆಯಗಾರ ಟಿಪ್ಪು ಸತ್ತ ಮೇಲೂ ಕಂಪನಿ ಸೈನ್ಯಕ್ಕೆ ಬಗ್ಗದೆ ಈ ಕಾಡುಗಳಲ್ಲಿ ಹೊಡೆದಾಡಿ, 1802ರಲ್ಲಿ ನೇಣಿಗೇರಿದ. ಬ್ರಿಟಿಷರ ಕಡೆ ಆ ಕಾರ್ಯಾಚರಣೆ ನೋಡಿಕೊಂಡವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ. ಕಾದಂಬರಿಗೆ ಇನ್ನೇನು ಬೇಕು? ನಮ್ಮ ಓದುಗರಲ್ಲಿ ಯಾರಾದರೂ ಕೈ ಹಚ್ಚುವುದಾದರೆ ಕಂತುಕಂತಾಗಿ ಹಾಕಲು ಪುಟ ಖಾಲಿ ಇಟ್ಟಿರುತ್ತೇನೆ. ಮೆಣಸಿನಕಾಯಿ ಬಳಸಲು ಅಡ್ಡಿಯಿಲ್ಲ.

ಕರೆಂಟು ಬಂತು, ಆದರೆ ಪೆಟ್ಟಿಗೆ 26 ಕಿಲೋ ತೋರಿಸುತ್ತಿದೆ. ಗೆದ್ದಲು ತಿಂದ 'ಶಾಂತಲಾ' ಕೊಡಲು ದೊಡ್ಡಮ್ಮ ಒಪ್ಪಲಿಲ್ಲ, ಹಾಗಾಗಿ ಹಾಸನದ ಅಂಗಡಿಯಲ್ಲಿ ಹೊಸದೇ ಕೊಂಡಿದ್ದೇನೆ. ಅದರ ಕೊನೆಯ ಪುಟಗಳನ್ನು ಇನ್ನೂ ತೆರೆದಿಲ್ಲ. ಪುಸ್ತಕಗಳು ಯುಗಾದಿ ಕಾರ್ಯಕ್ರಮದ ದಿನ ಬಾಗಿಲ ಬಳಿಯ ಮೇಜಿನ ಮೇಲಿರುತ್ತವೆ, ಹೆಸರು ಬರೆದು ಒಯ್ಯಿರಿ. ಹೋದ ವರ್ಷ ಕೂಟದ ಕಪಾಟಿನಿಂದ 'ದುರ್ಗಾಸ್ತಮಾನ' ಒಯ್ದವರು ಹೆಸರು ಬರೆದಿಲ್ಲ. ಯಾರೆಂದು ನನಗೆ ಅಂದಾಜಿದೆ. ಅಂದು ತಂದುಕೊಡುತ್ತೇನೆ ಎಂದರೆ ಈಗ ಪೆಟ್ಟಿಗೆಗೆ ಹಾಕಿರುವ ಅದರ ಎರಡನೇ ಪ್ರತಿಯನ್ನು ಇಲ್ಲೇ ಇಳಿಸಿ ಹಪ್ಪಳಕ್ಕೆ ಜಾಗ ಮಾಡಿಕೊಳ್ಳುತ್ತೇನೆ. ಒಂದು ಫೋನ್ ಮಾಡಿ.