ಪೊಲೀಸರು ಕೊಟ್ಟ ಚೀಟಿ, ನೀನು ಬರೆದ ಕೊನೇ ಸಾಲು

ಪ್ರೀತಿಯ ವಿದ್ಯಾ,

ನಿನ್ನ ಪತ್ರ ಓದಿದೆ. ಕೆಲಸದ ವಿಷಯ, ಅಳಿಯಂದಿರ ಬೆನ್ನುನೋವಿನ ವಿಷಯ ನಿಮ್ಮಮ್ಮ ಫೋನಲ್ಲಿ ಹೇಳಿದ್ದಾಳೆ, ಅದನ್ನೆಲ್ಲ ಬಿಡುತ್ತೇನೆ. ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾದ ಒಬ್ಬ ನಿಮ್ಮ ಬೀದಿಯಲ್ಲಿದ್ದಾನೆ ಅಂತ ಪೊಲೀಸರು ಬಾಗಿಲು ತಟ್ಟಿ, ಅವನ ಫೋಟೋ ಇರುವ ಚೀಟಿ ಕೊಟ್ಟು ಹೋದರು ಅಂತ ಓದಿದಾಗ ನನ್ನ ಎದೆಯೂ ಝಲ್ ಅಂದಿತು. ಆದರೆ ರಾತ್ರಿ ನಿದ್ದೆ ಬಾರದ ಹಾಗೆ ಮಾಡಿದ್ದು ಅದಲ್ಲ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. "ಇನ್ಮೇಲೆ ಪುಟ್ಟೀನ ಬೀದಿಗೆ ಬಿಡಲ್ಲ ದೊಡ್ಡಮ್ಮ, ನಮ್ಮವರ ಮನೆಗಳಿಗೆ ಮಾತ್ರ ಕಳಿಸ್ತೀನಿ. ನಮ್ಮವರ ಮಧ್ಯೆ ಇದ್ರೆ ನಂಗೆ ಭಯ ಇಲ್ಲ."

ಆ ಸಾಲಿಗೆ ಉತ್ತರ ಬರೆಯಲು ಕೂತಿದ್ದೇನೆ. ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ.

ನಿನ್ನ ಭಯ ಸುಮ್ನೆ ಹುಟ್ಟಿದ್ದಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ನ್ಯೂಜೆರ್ಸಿಯಲ್ಲಿ ಮನೆಮನೆಗೆ ಬಂದು ಹೇಳುವುದು ಟಿಯರ್ 3, ಅಂದರೆ ಅಪಾಯದ ಮೂರು ದರ್ಜೆಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಅಂತ ಕೋರ್ಟು ತೀರ್ಮಾನಿಸಿದವರ ವಿಷಯಕ್ಕೆ ಮಾತ್ರ. ಮತ್ತೆ ಅಪರಾಧ ಮಾಡುವ ಸಾಧ್ಯತೆ ಜಾಸ್ತಿ ಅಂತ ಅದರ ಅರ್ಥ. ಟಿಯರ್ 1 ಆದರೆ ಪೊಲೀಸರಿಗಷ್ಟೇ ಗೊತ್ತಿರುತ್ತದೆ. ಟಿಯರ್ 2 ಆದರೆ ಶಾಲೆಗಳಿಗೆ, ಡೇಕೇರ್‌ಗಳಿಗೆ, ಹೆಸರು ನೋಂದಾಯಿಸಿದ ಸಂಘಸಂಸ್ಥೆಗಳಿಗೂ ತಿಳಿಸುತ್ತಾರೆ. ನಾನು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವಾಗ ಆ ನೋಟಿಸುಗಳು ಪ್ರಿನ್ಸಿಪಾಲರ ಕೈಗೆ ಬರುತ್ತಿದ್ದವು. ಬಸ್ ಓಡಿಸುವವರು, ಆಟದ ಬಯಲು ನೋಡಿಕೊಳ್ಳುವವರು, ರಸ್ತೆ ದಾಟಿಸುವವರು, ಇಂಥವರಿಗೆ ತೋರಿಸುತ್ತಿದ್ದರು. ಗೋಡೆಗೆ ಅಂಟಿಸುವ ಹಾಗಿರಲಿಲ್ಲ. ತಂದೆತಾಯಂದಿರಿಗೆ ಕಳಿಸುವ ಹಾಗೂ ಇರಲಿಲ್ಲ. ಎಷ್ಟೋ ಸಲ ಮನೆಗೆ ಬಂದ ಮೇಲೂ ಆ ಮುಖ ಕಣ್ಣೆದುರಿಗೇ ಇರುತ್ತಿತ್ತು.

ಟಿಯರ್ ಅನ್ನುವುದನ್ನು ಯಾರೋ ಒಬ್ಬ ಪೊಲೀಸ್ ತನಗೆ ತೋಚಿದಂತೆ ಬರೆಯುವುದಿಲ್ಲ. ಕೌಂಟಿಯ ಪ್ರಾಸಿಕ್ಯೂಟರ್, ಅಂದರೆ ಸರ್ಕಾರಿ ವಕೀಲರ, ಕಚೇರಿಯವರು 13 ಅಂಶಗಳ ಒಂದು ಪಟ್ಟಿ ಹಿಡಿದು ಅಂಕ ಹಾಕುತ್ತಾರೆ. ಬಲ ಬಳಸಿದ್ದನಾ, ಎಷ್ಟು ಮಂದಿಗೆ ಹಾಗೆ ಮಾಡಿದ್ದ, ಮಗುವಿನ ವಯಸ್ಸೆಷ್ಟು, ಪರಿಚಯದವನಾ ಅಪರಿಚಿತನಾ. ಜೊತೆಗೆ, ಈಗ ಚಿಕಿತ್ಸೆಯಲ್ಲಿದ್ದಾನಾ, ಇರಲು ಸರಿಯಾದ ಮನೆ ಇದೆಯಾ, ಕೆಲಸ ಇದೆಯಾ ಅಂತಲೂ ನೋಡುತ್ತಾರೆ. ಅವನಿಗೆ ನೋಟಿಸ್ ಹೋಗುತ್ತದೆ, ಅವನು ಒಪ್ಪದಿದ್ದರೆ ಜಡ್ಜ್ ಮುಂದೆ ವಿಚಾರಣೆ ಆಗುತ್ತದೆ. ಮನೆ ಬದಲಿಸಬೇಕಾದರೆ 10 ದಿನ ಮೊದಲೇ ಪೊಲೀಸರಿಗೆ ಹೇಳಬೇಕು. ವರ್ಷಕ್ಕೊಮ್ಮೆ ವಿಳಾಸ ಖಚಿತಪಡಿಸಬೇಕು, ಕೆಲವರು 90 ದಿನಕ್ಕೊಮ್ಮೆ. ಅಂದರೆ ನಿಮ್ಮ ಬೀದಿಯಲ್ಲಿ ಎಲ್ಲರಿಗಿಂತ ಜಾಸ್ತಿ ಕಣ್ಣುಗಳು ಇರುವುದು ಆ ಒಬ್ಬನ ಮೇಲೆ. ಇದರಿಂದ ನಿನಗೆ ಸಮಾಧಾನ ಆಗುವುದಿಲ್ಲ, ಗೊತ್ತು. ನನಗೂ ಆಗುತ್ತಿರಲಿಲ್ಲ.

1994ರ ಬೇಸಿಗೆ ನನಗೆ ಚೆನ್ನಾಗಿ ನೆನಪಿದೆ. ಟ್ರೆಂಟನ್ ಪಕ್ಕದ ಹ್ಯಾಮಿಲ್ಟನ್ ಟೌನ್‌ಶಿಪ್. 7 ವರ್ಷದ ಮೇಗನ್ ಕಾಂಕಾ. ಎದುರುಮನೆಯವನು ನಾಯಿಮರಿ ತೋರಿಸುತ್ತೇನೆ ಅಂತ ಒಳಗೆ ಕರೆದ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಕ್ಕೆ ಅವನಿಗೆ ಮೊದಲೇ ಶಿಕ್ಷೆ ಆಗಿತ್ತು. ಆ ತಾಯಿತಂದೆಗೆ ಅದು ಗೊತ್ತಿರಲಿಲ್ಲ. ಜುಲೈ ಕೊನೆಯಲ್ಲಿ ಮಗುವಿನ ಕೊಲೆಯಾಯಿತು, ಅಕ್ಟೋಬರ್ 31ಕ್ಕೆ ನ್ಯೂಜೆರ್ಸಿಯಲ್ಲಿ ಕಾನೂನು ಬಂತು, 1996ರಲ್ಲಿ ಇಡೀ ದೇಶಕ್ಕೆ ಬಂತು. ನಿನಗೆ ಬಂದ ಚೀಟಿ ಆ ಮಗುವಿನ ಹೆಸರಿನ ಕಾನೂನಿನಿಂದಲೇ ಬಂದದ್ದು. ಗೊತ್ತಿದ್ದರೆ ಮಗಳನ್ನು ಉಳಿಸಿಕೊಳ್ಳುತ್ತಿದ್ದೆವು ಅಂತ ಅವರು ಹೇಳಿದ್ದನ್ನು ಕೇಳಿ ನಾನು ಅತ್ತಿದ್ದೇನೆ. ಆ ಹಕ್ಕು ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಆಗ ನಿನ್ನ ಅಕ್ಕನಿಗೂ ಸುಮಾರು ಅದೇ ವಯಸ್ಸು. ಅವಳಿಗೆ ಬೀದಿಯಲ್ಲಿ ಸೈಕಲ್ ಬಿಡಲು ಬಿಡಲಿಲ್ಲ. ರಜೆ ಮುಗಿಯುವ ತನಕ ನಮ್ಮವರ ಮನೆಗಳಲ್ಲೇ ಇಟ್ಟೆ. ವಿದ್ಯಾ, ನೀನು ಬರೆದ ಸಾಲೇ ಆಗ ನನ್ನ ಬಾಯಲ್ಲೂ ಇತ್ತು. ನಮ್ಮವರು ತಾನೇ ಅನ್ನುತ್ತಿದ್ದೆ.

ಅವಳಿಗೆ ಏನೂ ಆಗಲಿಲ್ಲ. ಅದು ಅದೃಷ್ಟ, ನನ್ನ ಜಾಣತನದಿಂದಲ್ಲ. ಯಾಕೆಂದರೆ ನಿನ್ನ ಚಿಕ್ಕಮ್ಮ ಬಾಯಿಬಿಟ್ಟದ್ದು ಇದೆಲ್ಲ ಆಗಿ ಬಹಳ ಕಾಲದ ಮೇಲೆ. ಆ ಮೇಷ್ಟ್ರ ಕಥೆ ಇಲ್ಲಿ ಬರೆಯುವುದಿಲ್ಲ, ನಿನಗೆ ಗೊತ್ತೇ ಇದೆ. ನಾನು ಹೇಳಬೇಕಾದ್ದು ಇಷ್ಟು. ಅವರು ಪಾಠ ಹೇಳಲು ಬರುವ ಸಂಜೆಗಳಲ್ಲಿ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ಪ್ರತಿ ಸಲವೂ. ಪಾಠ ತಪ್ಪಿಸಲು ನಾಟಕ ಅಂತ ಅಪ್ಪ ಗದರುತ್ತಿದ್ದರು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ನಾನು ಯಾಕೆ ಅಂತ ಒಂದು ಸಲವೂ ಕೇಳಲಿಲ್ಲ. ಅವರು ನಮ್ಮವರಾಗಿದ್ದರು, ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂರುತ್ತಿದ್ದರು. ಅವರ ಹೆಸರು ಯಾವ ಪಟ್ಟಿಯಲ್ಲೂ ಬರಲಿಲ್ಲ, ಯಾರೂ ಅವರ ಫೋಟೋ ಹಿಡಿದು ಯಾರ ಬಾಗಿಲೂ ತಟ್ಟಲಿಲ್ಲ.

ಅದಕ್ಕೇ ನಿನ್ನ ಆ ಸಾಲು ನನ್ನನ್ನು ಇಷ್ಟು ಹಿಂಡಿದ್ದು.

ಪೊಲೀಸರ ಪಟ್ಟಿಯಲ್ಲಿರುವವರು ಸಿಕ್ಕಿಬಿದ್ದು, ಶಿಕ್ಷೆ ಆದವರು. ಯಾರೂ ದೂರು ಕೊಡದವರು ಅದರಲ್ಲಿಲ್ಲ. ಇನ್ನೊಂದು ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ಇಂಥವರ ಹೆಸರನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುವ ನ್ಯೂಜೆರ್ಸಿಯ ವೆಬ್‌ಸೈಟಿನಲ್ಲಿ ಟಿಯರ್ 3 ಇರುತ್ತಾರೆ, ಟಿಯರ್ 2ರಲ್ಲಿ ತುಂಬಾ ಜನ ಇರುತ್ತಾರೆ. ಆದರೆ ಟಿಯರ್ 2ರಲ್ಲಿ ಸ್ವಂತ ಮನೆಯ ಮಗುವಿಗೇ, ರಕ್ತಸಂಬಂಧದವರಿಗೇ ಹಾಗೆ ಮಾಡಿದ ಒಂದೇ ಪ್ರಕರಣ ಇದ್ದವರನ್ನು ಸಾಮಾನ್ಯವಾಗಿ ಅಲ್ಲಿ ಹಾಕುವುದಿಲ್ಲ. ಅವರ ಹೆಸರು ಹಾಕಿದರೆ ಆ ಮಗು ಯಾರು ಅಂತ ಬೀದಿಗೆಲ್ಲ ಗೊತ್ತಾಗುತ್ತದಲ್ಲ. ಮಗುವಿನ ದೃಷ್ಟಿಯಿಂದ ಅದು ಸರಿಯೇ. ಆದರೆ ನೋಡು, ನಾವು ಕಣ್ಣಿಟ್ಟು ನೋಡುವ ಆ ನಕ್ಷೆಯಲ್ಲಿ ನಮ್ಮವರೇ ಕಾಣುವುದಿಲ್ಲ.

2000ದಲ್ಲಿ ಅಮೆರಿಕದ ನ್ಯಾಯ ಇಲಾಖೆ ಒಂದು ವರದಿ ತಂದಿತ್ತು. ಪೊಲೀಸರ ತನಕ ಹೋದ ಪ್ರಕರಣಗಳ ಲೆಕ್ಕ. ಹದಿನೆಂಟರೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಶೇ. 34 ಮನೆಯವರಿಂದ, ಶೇ. 59 ಪರಿಚಯದವರಿಂದ. ಪೂರ್ತಿ ಅಪರಿಚಿತರಿಂದ ಆದದ್ದು ಶೇ. 7. 6 ವರ್ಷದೊಳಗಿನ ಮಕ್ಕಳಲ್ಲಂತೂ ಹೆಚ್ಚುಕಡಿಮೆ ಅರ್ಧ ಮನೆಯವರೇ ಮಾಡಿದ್ದು. ಶಾಲೆಯ ಒಂದು ತರಬೇತಿಯಲ್ಲಿ ಈ ಸಂಖ್ಯೆಗಳನ್ನು ತೋರಿಸಿದಾಗ ನನಗೆ ನಿನ್ನ ಚಿಕ್ಕಮ್ಮನ ಹೊಟ್ಟೆನೋವು ನೆನಪಾಯಿತು. ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

2008ರಲ್ಲಿ ನಮ್ಮ ನ್ಯೂಜೆರ್ಸಿಯಲ್ಲೇ ಒಂದು ಅಧ್ಯಯನ ಆಯಿತು. ಈ ಕಾನೂನಿನಿಂದ ಶಿಕ್ಷೆಯಾದವರು ಮತ್ತೆ ಅಂಥದೇ ಅಪರಾಧ ಮಾಡುವುದು ಕಡಿಮೆ ಆಗಿದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ ಅಂತ ಬಂತು. ಆದರೂ ತಾಯಿಗೆ ಗೊತ್ತಿರಬೇಕು ಅಂತಲೇ ನನ್ನ ಅಭಿಪ್ರಾಯ. ಗೊತ್ತಿದ್ದರೆ ಸಾಕು ಅಂತ ಅಂದುಕೊಳ್ಳುವುದಕ್ಕೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ.

ಅಳಿಯಂದಿರು ಟೌನ್‌ಶಿಪ್ಪಿಗೆ ಅರ್ಜಿ ಕೊಡೋಣ ಅಂದರಂತೆ, ಶಾಲೆ, ಪಾರ್ಕುಗಳ ಹತ್ತಿರ ಇಂಥವರು ಇರಬಾರದು ಅಂತ. ಚೆರ್ರಿ ಹಿಲ್ ಮತ್ತು ಗ್ಯಾಲೋವೇ ಟೌನ್‌ಶಿಪ್‌ಗಳು 2,500 ಅಡಿಯ ನಿಯಮ ಮಾಡಿದ್ದವು. 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದು ನಿಲ್ಲುವುದಿಲ್ಲ ಅಂದಿತು. ಮಯಾಮಿಯಲ್ಲಿ ಅಂಥದೇ ನಿಯಮ ಇದ್ದಾಗ ಎಲ್ಲೂ ಮನೆ ಸಿಗದೆ ಹತ್ತಾರು ಜನ ಒಂದು ಸೇತುವೆಯ ಕೆಳಗೆ ಡೇರೆ ಹಾಕಿಕೊಂಡಿದ್ದರು. ಮನೆ, ಕೆಲಸ ಇದ್ದರೆ ಅಪಾಯ ಕಡಿಮೆ ಅಂತ ಅಂಕ ಹಾಕುವವರೇ ಲೆಕ್ಕ ಹಿಡಿಯುವಾಗ, ಮನೆ ಬಿಡಿಸಿ ಓಡಿಸಿದರೆ ಯಾವ ಮಗುವಿಗೆ ಒಳ್ಳೆಯದಾಗುತ್ತದೆ? ಅಳಿಯಂದಿರಿಗೆ ಕೋಪ ಬಂದೀತು. ನಾನು ಹೇಳಿದೆ ಅಂತ ಹೇಳಬೇಡ, ನೀನೇ ನಿಧಾನವಾಗಿ ಹೇಳು.

ಫೋಟೋವನ್ನು ವಾಟ್ಸಾಪ್ ಗ್ರೂಪಿಗೆ ಹಾಕಲಾ ಅಂತ ಕೇಳಿದ್ದೀಯ. ದಯವಿಟ್ಟು ಹಾಕಬೇಡ. ಮನೆಯವರಿಗೆ, ಪುಟ್ಟಿಯನ್ನು ನೋಡಿಕೊಳ್ಳಲು ಬರುವವರಿಗೆ ಹೇಳಬಹುದು. ಯಾರಿಗೆ ಹೇಳಬಹುದು ಅನ್ನುವ ನಿಯಮ ಚೀಟಿಯ ಜೊತೆಗೇ ಕೊಟ್ಟಿರುತ್ತಾರೆ, ಇನ್ನೊಮ್ಮೆ ಓದು. ಅನುಮಾನ ಇದ್ದರೆ ಪ್ರಾಸಿಕ್ಯೂಟರ್ ಕಚೇರಿಗೆ ಫೋನ್ ಮಾಡಿ ಕೇಳು. 2006ರಲ್ಲಿ ಮೇಯ್ನ್ ರಾಜ್ಯದಲ್ಲಿ ಒಬ್ಬ ಹುಡುಗ ಪಟ್ಟಿಯಿಂದ ವಿಳಾಸ ತೆಗೆದು ಇಬ್ಬರನ್ನು ಗುಂಡಿಟ್ಟು ಕೊಂದ. ಅವರಲ್ಲೊಬ್ಬ ಪಟ್ಟಿಗೆ ಸೇರಿದ್ದು 19ನೇ ವಯಸ್ಸಿನಲ್ಲಿ, ಇನ್ನೂ 16 ತುಂಬದ ತನ್ನ ಗೆಳತಿಯ ಜೊತೆಗಿನ ಸಂಬಂಧಕ್ಕೆ. ಆ ಹುಡುಗನ ತಾಯಿಯನ್ನೂ ನೆನೆಸಿಕೊಂಡು ನನಗೆ ಸಂಕಟ ಆಗುತ್ತದೆ.

ಫ್ಲಾರಿಡಾದಲ್ಲಿ ತಮ್ಮನ ಮನೆ ಸುತ್ತ ಸೈಟಿನ ನಕ್ಷೆಯಲ್ಲಿ ಚುಕ್ಕೆಗಳೇ ಚುಕ್ಕೆಗಳು ಅಂತ ಗಾಬರಿಯಾಗಿದ್ದೀಯ. ಅಲ್ಲಿ ನೋಂದಾಯಿಸಿದವರೆಲ್ಲರನ್ನೂ ಸೈಟಿನಲ್ಲಿ ಹಾಕುತ್ತಾರೆ, ಇಲ್ಲಿ ಆರಿಸಿ ಹಾಕುತ್ತಾರೆ. ಲೂಯಿಸಿಯಾನಾದಲ್ಲಿ ಆ ಮನುಷ್ಯನೇ ಅಕ್ಕಪಕ್ಕದವರಿಗೆ ತಿಳಿಸಬೇಕು. ಒಂದೊಂದು ರಾಜ್ಯದ್ದು ಒಂದೊಂದು ಪದ್ಧತಿ. ಚುಕ್ಕೆ ಎಣಿಸಿ ಊರು ಆರಿಸಬೇಡ. ಮನೆ ಮಾರಲೇಬೇಕು ಅನ್ನಿಸಿದರೆ ಮಾರು, ನಾನು ತಡೆಯುವುದಿಲ್ಲ. ಹೊಸ ಬೀದಿಯಲ್ಲಿ ಟಿಯರ್ 1ರವನಿದ್ದರೆ ನಿನಗೆ ಯಾರೂ ಬಂದು ಹೇಳುವುದಿಲ್ಲ, ಅಷ್ಟೇ.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಎಲ್ಲರನ್ನೂ ಅನುಮಾನದಿಂದ ನೋಡು ಅಂತ ನಾನು ಹೇಳುತ್ತಿಲ್ಲ. ಹಾಗೆ ಬದುಕಲು ಆಗುವುದಿಲ್ಲ. ಪುಟ್ಟಿಗೆ ಮೈಯ ಎಲ್ಲಾ ಭಾಗಗಳ ಹೆಸರು ನಾಚಿಕೆ ಇಲ್ಲದೆ ಹೇಳಿಕೊಡು. ಅಮ್ಮನಿಗೆ ಹೇಳಬೇಡ ಅಂತ ಯಾರಾದರೂ ಅಂದರೆ ಅದನ್ನೇ ಮೊದಲು ಬಂದು ಹೇಳಬೇಕು ಅಂತ ಕಲಿಸು. ಆ ಫೋಟೋ ತೋರಿಸಿ, ಇವರ ಮನೆಗೆ, ಕಾರಿಗೆ ಹೋಗಬಾರದು ಅಂತ ಹೇಳು, ಆದರೆ ಕೆಟ್ಟವರು ಹೀಗೇ ಇರುತ್ತಾರೆ ಅಂತ ಮಾತ್ರ ಹೇಳಬೇಡ. ಯಾರನ್ನೇ ಆಗಲಿ ಅಪ್ಪಿಕೋ, ಮುತ್ತು ಕೊಡು ಅಂತ ಅವಳಿಗೆ ಬಲವಂತ ಮಾಡಬೇಡ, ನನ್ನ ವಿಷಯದಲ್ಲೂ ಬೇಡ. ಏನಾದರೂ ಅನುಮಾನಕ್ಕೆ ಕಾರಣ ಸಿಕ್ಕರೆ ನ್ಯೂಜೆರ್ಸಿಯಲ್ಲಿ ದೂರು ಕೊಡುವುದು ಎಲ್ಲರ ಮೇಲೂ ಇರುವ ಕಾನೂನಿನ ಕರ್ತವ್ಯ. ಟೀಚರು, ಡಾಕ್ಟರು ಮಾತ್ರ ಅಂತಿಲ್ಲ. ಮನೆತನದ ಮರ್ಯಾದೆ ಅಂತ ಯಾರಾದರೂ ತಡೆದರೆ ನನ್ನ ಹೆಸರು ಹೇಳು. ಇವೆಲ್ಲ ನಿನಗೆ ಗೊತ್ತಿರಬಹುದು. ಗೊತ್ತಿದ್ದರೂ ಬರೆಯದೆ ಇರಲು ನನಗೆ ಆಗಲಿಲ್ಲ.

ಶನಿವಾರ ಪುಟ್ಟಿಯನ್ನು ಯಾರದೋ ಮನೆಯಲ್ಲಿ ರಾತ್ರಿ ಉಳಿಸುತ್ತೇನೆ, ಅವಳು ಬೇಡ ಅಂತ ಹಟ ಮಾಡುತ್ತಿದ್ದಾಳೆ ಅಂತ ಬರೆದಿದ್ದೀಯ. ಒಳ್ಳೆಯ ಜನ ಅಂತ ನನಗೂ ಗೊತ್ತು. ಆದರೂ ಯಾಕೆ ಬೇಡ ಅಂತ ಅವಳನ್ನು ಕೇಳು. ಬೇರೆ ಯಾರೂ ಇಲ್ಲದಾಗ, ಗದರಿಸದೆ ಕೇಳು. ಅಲ್ಲಿನ ನಾಯಿಗೆ ಹೆದರಿಕೆ ಇರಬಹುದು, ಹೊಸ ಹಾಸಿಗೆಯಲ್ಲಿ ನಿದ್ದೆ ಬರದೆ ಇರಬಹುದು. ಏನೇ ಹೇಳಿದರೂ, ಏನೂ ಹೇಳದಿದ್ದರೂ, ಈ ಸಲ ಕಳಿಸಬೇಡ. ಅವರಿಗೆ ನಮ್ಮ ದೊಡ್ಡಮ್ಮ ಬಂದಿದ್ದಾರೆ ಅಂತ ಹೇಳು. ಶನಿವಾರ ಮಧ್ಯಾಹ್ನದ ರೈಲಿಗೆ ನಾನು ಬರುತ್ತೇನೆ.

ಇತಿ ನಿನ್ನ
ದೊಡ್ಡಮ್ಮ